ಬರೆಯಲು ಹಿಡಿಯಬೇಕು, ಕೂರಲು ಬಿಡಬೇಕು: ಸ್ವಂತ ಕಥೆ, ಮೌನ ಎರಡನ್ನೂ ಜೋಡಿಸುವುದು ಹೇಗೆ?

ಖಾಲಿಹಾಳೆ ಕೇಳಿದ್ದು

ತನ್ನ ಬದುಕಿನ ಕಥೆಯನ್ನು ತಾನೇ ಬರೆದುಕೊಂಡರೆ ಬದುಕಿಗೊಂದು ಅರ್ಥ ಕಾಣುತ್ತದೆ ಎನ್ನುವವರಿದ್ದಾರೆ. ಬರೆಯುವುದೂ ಬೇಡ, ಯೋಚಿಸುವುದೂ ಬೇಡ, ಸುಮ್ಮನೆ ಕೂತರೆ ಸಾಕು ಎನ್ನುವವರೂ ಇದ್ದಾರೆ. ಎರಡನ್ನೂ ಸೇರಿಸಿ ಮಾಡಹೊರಟರೆ ಒಂದಕ್ಕೊಂದು ಅಡ್ಡಗಾಲು ಹಾಕುತ್ತವೆ. ಬರೆಯಲು ನೆನಪನ್ನು ಹಿಡಿದುಕೊಳ್ಳಬೇಕು, ಕೂರಲು ಅದನ್ನೇ ಬಿಡಬೇಕು.

ಕೇಳಬೇಕಾದ್ದು ಇಷ್ಟು. ಮೊದಲು ಯಾವುದು, ಎಷ್ಟು ಹೊತ್ತು? ಬರೆದದ್ದು ನಾಲ್ಕನೇ ದಿನಕ್ಕೂ ದೂರು ಅರ್ಜಿಯ ಹಾಗೇ ಇದ್ದರೆ ತಪ್ಪು ಎಲ್ಲಿದೆ? ಕಣ್ಣು ಮುಚ್ಚಿದ ಕೂಡಲೇ ತಲೆಯೊಳಗೆ ವಾಕ್ಯಗಳು ತಾವಾಗಿಯೇ ಕಟ್ಟಿಕೊಳ್ಳುತ್ತ ಹೋದರೆ ಏನು ಮಾಡಬೇಕು? 'ಧ್ಯಾನ ಮಾಡಿ, ಎಲ್ಲ ಸರಿಹೋಗುತ್ತೆ' ಎನ್ನುವ ಉತ್ತರ ದಯವಿಟ್ಟು ಬೇಡ. ಅದು ಎಲ್ಲ ಕಡೆ ಧಾರಾಳವಾಗಿ ಸಿಗುತ್ತದೆ.

ನಿಧಾನಿ ಬರೆದದ್ದು

ಎರಡಕ್ಕೂ ಜಗಳ ಹುಟ್ಟುವುದು ಒಂದೇ ಕಾರಣಕ್ಕೆ. ಬರೆಯಲು ಕೂತವರು ಘಟನೆಯನ್ನು ಬಿಟ್ಟು ಅದರ ಅರ್ಥವನ್ನು ಬರೆಯಲು ಹೊರಡುತ್ತಾರೆ. ಅರ್ಥವನ್ನು ನೇರವಾಗಿ ಬೆನ್ನಟ್ಟಿದರೆ ಕೈಗೆ ಬರುವುದು ಈಗಾಗಲೇ ನೂರು ಸಲ ಹೇಳಿಕೊಂಡಿರುವ ತೀರ್ಪು. ಸುಮ್ಮನೆ ಕೂರುವುದರ ಉಪಯೋಗ ಇಲ್ಲೇ ಇದೆ. ತೀರ್ಪು ತಣ್ಣಗಾಗಿ, ಅದರ ಅಡಿಯಲ್ಲಿದ್ದ ದೃಶ್ಯ ಕಾಣುವಷ್ಟು ಹೊತ್ತು ತಡೆದು ನಿಲ್ಲಿಸುವುದು ಅದರ ಕೆಲಸ.

ಒಂದು ಸಲಕ್ಕೆ 35 ನಿಮಿಷ ಇಟ್ಟುಕೊಳ್ಳಿ: 8 ನಿಮಿಷ ಕೂರುವುದು, 20 ನಿಮಿಷ ಬರೆಯುವುದು, 7 ನಿಮಿಷ ಮತ್ತೆ ಕೂರುವುದು. ಟೈಮರ್ ಇಡಿ, ಫೋನನ್ನು ಬೋರಲು ಹಾಕಿ.

ಮೊದಲ 8 ನಿಮಿಷ. ಕುರ್ಚಿ ಸಾಕು. ಪಾದ ಪೂರ್ತಿ ನೆಲಕ್ಕೆ ತಾಗಿರಲಿ, ಬೆನ್ನು ಒರಗದೆ ನೆಟ್ಟಗಿರಲಿ, ಆದರೆ ಸೆಟೆದುಕೊಳ್ಳಬೇಡಿ. ಮೊದಲ 2–3 ನಿಮಿಷ ಉಸಿರನ್ನು 4 ಎಣಿಸುತ್ತ ಒಳಗೆ, 6 ಎಣಿಸುತ್ತ ಹೊರಗೆ ಬಿಡಿ. ಎಣಿಕೆ ಸುಮಾರು ಒಂದೊಂದು ಸೆಕೆಂಡಿನದಾದರೆ ನಿಮಿಷಕ್ಕೆ 6 ಉಸಿರು ಆಗುತ್ತದೆ. ಉಸಿರು ತೆಗೆದುಕೊಳ್ಳುವಾಗ ಹೃದಯದ ಬಡಿತ ಕೊಂಚ ಚುರುಕಾಗುತ್ತದೆ, ಬಿಡುವಾಗ ಇಳಿಯುತ್ತದೆ. ಹೊರ ಉಸಿರನ್ನು ಉದ್ದ ಮಾಡುವುದು ಅದಕ್ಕೇ. ಆಮೇಲೆ ಎಣಿಕೆ ಬಿಟ್ಟುಬಿಡಿ. ಎಣಿಸುತ್ತಲೇ ಇದ್ದರೆ ಅದೇ ಒಂದು ಪರೀಕ್ಷೆಯಾಗುತ್ತದೆ. ಉಳಿದ ಹೊತ್ತು ದೇಹ ಎಲ್ಲೆಲ್ಲಿ ತಾಗುತ್ತಿದೆ ಎಂದು ಗಮನಿಸಿ: ಪಾದ, ತೊಡೆ, ತೊಡೆಯ ಮೇಲಿನ ಕೈ. ಏನನ್ನೂ ನೆನಪಿಸಿಕೊಳ್ಳಲು ಹೋಗಬೇಡಿ. ಬರೆಯಬೇಕಾದ ದೃಶ್ಯ ಬಂದೇ ಬರುತ್ತದೆ. ಬರದಿದ್ದರೆ ಆ ದಿನ ಕೋಣೆಯೊಳಗಿನ ಶಬ್ದಗಳನ್ನು ಬರೆಯಿರಿ, ತಪ್ಪೇನಿಲ್ಲ.

ನಂತರ 20 ನಿಮಿಷ. ನಿಯಮ ಒಂದೇ: ಒಂದು ಜಾಗ, ಒಂದು ದಿನ, ಒಂದು ತಾಸಿನೊಳಗೆ ಮುಗಿಯುವ ಸಂಗತಿ. 'ಆ ವರ್ಷವೆಲ್ಲ ತುಂಬಾ ಕಷ್ಟವಾಗಿತ್ತು' ಎನ್ನುವುದು ದೃಶ್ಯವಲ್ಲ, ವರದಿ. 'ಆಸ್ಪತ್ರೆಯ ಕಾರಿಡಾರು, ಕೈಯಲ್ಲಿ ರಿಪೋರ್ಟಿನ ಕವರು, ಅದನ್ನು ತೆರೆಯದೆಯೇ ಎರಡು ಸಲ ಮಡಚಿದ್ದು': ಇದು ದೃಶ್ಯ. ಕ್ಯಾಮೆರಾಕ್ಕೆ ಕಾಣುವುದೋ ಇಲ್ಲವೋ ಎಂದು ಕೇಳಿಕೊಂಡರೆ ವ್ಯತ್ಯಾಸ ತಿಳಿಯುತ್ತದೆ. ಮೊದಲ 15 ನಿಮಿಷ 'ಯಾವಾಗಲೂ', 'ಯಾವತ್ತೂ', 'ಎಲ್ಲರೂ', 'ಹಣೆಬರಹ' ಎಂಬ ನಾಲ್ಕು ಮಾತು ಬಳಸಬೇಡಿ. ದೂರು ಅರ್ಜಿ ಶುರುವಾಗುವುದು ಈ ನಾಲ್ಕರಿಂದಲೇ. ಕೊನೆಯ 5 ನಿಮಿಷಕ್ಕೆ ಮಾತ್ರ 'ಯಾಕೆಂದರೆ' ಮತ್ತು 'ಆಗ ಗೊತ್ತಿರಲಿಲ್ಲ, ಈಗ ಅನ್ನಿಸುವುದು' ಎಂಬ ಎರಡು ಎಳೆ ಹಿಡಿದು ಬರೆಯಿರಿ. ಕಾಗುಣಿತ ತಿದ್ದುವುದು, ಹಿಂದಿನ ಸಾಲು ಓದುವುದು ಬೇಡ.

ಈ ಲೆಕ್ಕ ಗಾಳಿಯಲ್ಲಿ ತೂರಿದ್ದಲ್ಲ. ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಸತತ 4 ದಿನ, ದಿನಕ್ಕೆ 15 ನಿಮಿಷ ಬರೆದರು. ತಮಗಾದ ಒಂದು ಆಘಾತದ ಬಗ್ಗೆ, ನಡೆದದ್ದನ್ನೂ ಆಗ ಅನ್ನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಅದೇ ಗುಂಪಿಗೆ ಬರೆದ ಕೂಡಲೇ ಮನಸ್ಸು ಇನ್ನಷ್ಟು ಕುಗ್ಗಿತ್ತು ಎಂಬುದನ್ನೂ ಮರೆಯಬಾರದು. ಆದ್ದರಿಂದ ಮಲಗುವ ಮುಂಚೆ ಅಥವಾ ಮುಖ್ಯ ಕೆಲಸಕ್ಕೆ ಹೊರಡುವ ಮುಂಚೆ ಇದನ್ನು ಇಟ್ಟುಕೊಳ್ಳಬೇಡಿ, ಬರೆದಾದ ಮೇಲೆ ಒಂದು ತಾಸಾದರೂ ಬಿಡುವು ಇರಲಿ. ಮುಂದೆ ಇಂಥ ಅಧ್ಯಯನಗಳ ಬರಹಗಳಲ್ಲಿನ ಪದಗಳನ್ನು ಎಣಿಸಿದಾಗ ಇನ್ನೊಂದು ವಿಷಯ ಕಂಡಿತು. ಹೆಚ್ಚು ಪ್ರಯೋಜನ ಆದವರ ಬರಹದಲ್ಲಿ ಕಾರಣ ಹೇಳುವ, ಅರಿವಾದದ್ದನ್ನು ಹೇಳುವ ಪದಗಳು ಮೊದಲ ದಿನಕ್ಕಿಂತ ಕೊನೆಯ ದಿನಕ್ಕೆ ಹೆಚ್ಚಿದ್ದವು. ಮೊದಲ ದಿನವೇ ಎಲ್ಲ ಅರ್ಥವಾಗಿಬಿಟ್ಟಂತೆ ಬರೆದವರಿಗೆ ಅಷ್ಟು ದಕ್ಕಲಿಲ್ಲ.

ಒಂದೇ ದೃಶ್ಯವನ್ನು 4 ದಿನ ಬರೆಯಿರಿ. ಆಮೇಲೆ 10 ದಿನ ಅದರ ತಂಟೆಗೇ ಹೋಗಬೇಡಿ.

ಅರ್ಧವಿರಾಮ ಬರೆದದ್ದು

ನಿಧಾನಿ ಅವರ ಮಾತು ಬಹುತೇಕ ಒಪ್ಪಿಗೆ. 'ಯಾಕೆಂದರೆ' ವಿಷಯಕ್ಕೆ ಮಾತ್ರ ಒಂದು ತಕರಾರಿದೆ.

'ಇದೆಲ್ಲ ನನಗೇ ಯಾಕೆ ಆಯಿತು' ಎಂದು ಹಗಲೂರಾತ್ರಿ ಕೊರೆಯುತ್ತಿರುವವರಿಗೆ ಕಥೆ ಕಟ್ಟುವ ಬರವಣಿಗೆ ತಿರುಗುಬಾಣವಾಗಬಹುದು. ಡೇವಿಡ್ ಸ್ಬಾರಾ ಮತ್ತು ಸಂಗಡಿಗರು 2013ರಲ್ಲಿ ಸಂಗಾತಿಯಿಂದ ಹೊಸದಾಗಿ ಬೇರ್ಪಟ್ಟ 90 ಜನರ ಮೇಲೆ ಇದನ್ನೇ ನೋಡಿದರು. ಅರ್ಥಕ್ಕಾಗಿ ತೀವ್ರವಾಗಿ ಹುಡುಕುತ್ತಿದ್ದವರಲ್ಲಿ ಭಾವನೆ ತೋಡಿಕೊಂಡು ಬರೆದವರಿಗಿಂತ, ದಿನದಲ್ಲಿ ಏನೇನು ಮಾಡಿದೆ ಎಂದು ಬರೀ ಪಟ್ಟಿಯ ಹಾಗೆ ಬರೆದವರು ಬೇಗ ಚೇತರಿಸಿಕೊಂಡರು. ಅಂದರೆ ನಿಮ್ಮ ಪ್ರಶ್ನೆಯಲ್ಲಿರುವ 'ಅರ್ಥ' ಎಂಬ ಪದವೇ ಕೆಲವರಿಗೆ ಗಾಯವನ್ನು ಕೆರೆಯುವ ಉಗುರು. ಇನ್ನೊಂದು ಸಂಗತಿಯನ್ನೂ ಮುಚ್ಚಿಡಬಾರದು. ಜೋವಾನ್ ಫ್ರಾಟರೋಲಿ 2006ರಲ್ಲಿ ಇಂಥ 146 ಅಧ್ಯಯನಗಳನ್ನು ಒಟ್ಟುಮಾಡಿ ಲೆಕ್ಕ ಹಾಕಿದಾಗ ಪ್ರಯೋಜನ ಇದೆ, ಆದರೆ ಸಣ್ಣದು ಎಂದು ಬಂತು. ಬದುಕೇ ಬದಲಾಗುತ್ತದೆ ಎಂದು ಮಾರುವವರನ್ನು ನಂಬಬೇಡಿ.

ಕೊರೆತವೋ ಬರವಣಿಗೆಯೋ ಎಂದು ತಿಳಿಯಲು ಸುಲಭದ ದಾರಿಯಿದೆ. 1ನೇ ದಿನದ ಹಾಳೆ ಮತ್ತು 3ನೇ ದಿನದ ಹಾಳೆ ಅಕ್ಕಪಕ್ಕ ಇಡಿ. ಮೂರನೆಯದರಲ್ಲಿ ಮೊದಲನೆಯದರಲ್ಲಿ ಇಲ್ಲದ ಒಂದು ವಸ್ತು, ಒಬ್ಬ ವ್ಯಕ್ತಿ, ಯಾರೋ ಆಡಿದ ಒಂದು ಮಾತು ಹೊಸದಾಗಿ ಬಂದಿದೆಯೇ? ಬಂದಿದ್ದರೆ ಮುಂದುವರಿಸಿ. ವಿಶೇಷಣಗಳು ಮಾತ್ರ ಜೋರಾಗಿದ್ದರೆ ('ಕೆಟ್ಟ' ಹೋಗಿ 'ಘೋರ' ಆಗಿದ್ದರೆ) ನಿಲ್ಲಿಸಿ. ನಾಲ್ಕನೇ ದಿನ ಬರೆದರೆ ಅದೇ ಗೋಡೆಗೆ ಇನ್ನೊಂದು ಮೊಳೆ ಅಷ್ಟೇ.

ನಿಲ್ಲಿಸಿದ ಮೇಲೆ ದೂರದಿಂದ ಬರೆಯುವುದನ್ನು ಪ್ರಯತ್ನಿಸಿ. ಈಥನ್ ಕ್ರಾಸ್ ಮತ್ತು ಓಜ್ಲೆಮ್ ಐದುಕ್ ಅವರ ಕೆಲಸ ಇದರ ಮೇಲಿದೆ. ತನ್ನ ಕಥೆಯನ್ನು ಹೊರಗಿನಿಂದ ನೋಡುವವರು ಸಿಟ್ಟನ್ನು ಮರುಕಳಿಸಿಕೊಳ್ಳುವುದು ಕಡಿಮೆ, ಘಟನೆಯನ್ನು ಬೇರೆ ರೀತಿ ಕಾಣುವುದು ಹೆಚ್ಚು. ಕನ್ನಡದಲ್ಲಿ ಬರೆಯುವವರು ಇಲ್ಲೊಂದು ತಪ್ಪು ಮಾಡುತ್ತಾರೆ. 'ನಾನು' ಎನ್ನುವುದನ್ನು ಹೊಡೆದುಹಾಕಿದರೆ ಸಾಕು ಅಂದುಕೊಳ್ಳುತ್ತಾರೆ. ನಮ್ಮಲ್ಲಿ 'ನಾನು' ಕ್ರಿಯಾಪದದ ಬಾಲದಲ್ಲೇ ಕೂತಿರುತ್ತದೆ: ಹೋದೆ, ಬಂದೆ, ಸುಮ್ಮನಾದೆ. ಬಾಲ ಬದಲಾಗದೆ ದೂರ ಹುಟ್ಟುವುದಿಲ್ಲ. 'ಹೋದಳು', 'ಸುಮ್ಮನಾದ' ಎಂದೇ ಬರೆಯಿರಿ. 'ಹೋದರು' ಬೇಡ, ಅದು ಪತ್ರಿಕೆಯ ನಿಧನವಾರ್ತೆ ಓದಿದ ಹಾಗಾಗುತ್ತದೆ.

ಕನ್ನಡದ್ದೇ ಇನ್ನೊಂದು ಸಂಗತಿ. ಜೋನಾಥನ್ ಆಡ್ಲರ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮನೋಚಿಕಿತ್ಸೆ ಪಡೆಯುತ್ತಿದ್ದ 47 ಜನ ಪ್ರತಿ ಭೇಟಿಗೂ ನಡುವೆ ತಮ್ಮ ಕಥೆ ಬರೆದರು. ಕಥೆಯೊಳಗೆ ತಾನೇ ಕರ್ತೃ ಎಂಬ ಭಾವ ಮೊದಲು ಹೆಚ್ಚಿತು, ಮನಸ್ಸು ಸುಧಾರಿಸಿದ್ದು ಅದರ ಹಿಂದೆ. ನಿಮ್ಮ ಬರಹದಲ್ಲಿ ಇದನ್ನು ಅಳೆಯುವುದು ಹೇಗೆ? 'ನನಗೆ ಕೋಪ ಬಂತು', 'ನನಗೆ ಬೇಜಾರಾಯ್ತು' ಎಂಬುವುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕನ್ನಡದಲ್ಲಿ ಭಾವನೆಗಳು ಯಾವಾಗಲೂ ಹಾಗೇ, ನೆಂಟರಂತೆ ತಾವೇ ಬರುತ್ತವೆ. 'ಬಿಡಬೇಕಾಗಿ ಬಂತು', 'ಒಪ್ಪಬೇಕಾಯಿತು', 'ಆಗಿಹೋಯ್ತು' ಎಂಬ ರೂಪಗಳ ಅಡಿಗೆ ಗೆರೆ ಎಳೆಯಿರಿ. ಒಂದು ಪುಟದಲ್ಲಿ ಐದಾರು ಸಿಕ್ಕರೆ, ಅವುಗಳಲ್ಲಿ ಒಂದನ್ನಾದರೂ 'ಬಿಟ್ಟೆ', 'ಒಪ್ಪಿದೆ' ಎಂದು ತಿರುಗಿಸಿ ಓದಿ. ಸುಳ್ಳು ಅನ್ನಿಸಿದರೆ ಹಳೆಯ ರೂಪವೇ ಸರಿ, ಹಾಗೇ ಇರಲಿ. ನಿಜ ಅನ್ನಿಸಿ ಎದೆ ಸ್ವಲ್ಪ ಕುಟುಕಿದರೆ ಮರುದಿನ ಬರೆಯಬೇಕಾದ ದೃಶ್ಯ ಅದೇ. ಬೇರೆಯವರು ಬಲವಂತವಾಗಿ ಮಾಡಿದ್ದಕ್ಕೆ ತನ್ನನ್ನೇ ಹೊಣೆ ಮಾಡಿಕೊಳ್ಳುವುದು ಈ ಕಸರತ್ತಿನ ಉದ್ದೇಶ ಅಲ್ಲ. ಅಂಥ ಕಡೆ ಇದನ್ನು ಬಳಸಲೇಬಾರದು.

ಖಾಲಿಹಾಳೆ

ಬಾಲದ ವಿಷಯ ಹೊಳೆದೇ ಇರಲಿಲ್ಲ, ಇಬ್ಬರಿಗೂ ಧನ್ಯವಾದ. ಕೂರುವ ಭಾಗ ಇನ್ನೂ ಬಗೆಹರಿದಿಲ್ಲ. ಕಣ್ಣು ಮುಚ್ಚಿದರೆ ವಾಕ್ಯಗಳೇ ವಾಕ್ಯಗಳು. ಅದೂ ಒಳ್ಳೊಳ್ಳೆ ವಾಕ್ಯಗಳು, ಬರೆದಿಟ್ಟುಕೊಳ್ಳದಿದ್ದರೆ ಹೋಗುತ್ತವೆ ಎನ್ನುವಂಥವು.

ಮೂರನೇಸಾಲು ಬರೆದದ್ದು

ಅದು ನಿಮ್ಮ ಸೋಲಲ್ಲ. ಹೊರಗಿನ ಕೆಲಸ ಇಲ್ಲದಾಗ ಮೆದುಳಿನ ಕೆಲವು ಭಾಗಗಳು ಒಟ್ಟಾಗಿ ಚುರುಕಾಗುತ್ತವೆ ಎಂದು ಮಾರ್ಕಸ್ ರೈಕಲ್ ಮತ್ತು ಸಂಗಡಿಗರು 2001ರಲ್ಲಿ ವಿವರಿಸಿದರು. ನೆನಪು, ನಾಳೆಯ ಯೋಚನೆ, ತನ್ನ ಬಗೆಗಿನ ಮಾತು ಎಲ್ಲ ಆ ಜಾಲದ ಬಾಬತ್ತು. ಸುಮ್ಮನೆ ಕೂತಾಗ ಕಥೆ ಹುಟ್ಟುವುದು ಹಸಿದಾಗ ಹೊಟ್ಟೆ ಗುರುಗುಟ್ಟಿದಷ್ಟೇ ಸಹಜ. ಬರೀ ಯೋಚನೆಗಳ ಜೊತೆ ಇರುವುದು ಎಷ್ಟು ಕಷ್ಟ ಎನ್ನುವುದಕ್ಕೆ ಟಿಮೊಥಿ ವಿಲ್ಸನ್ ಅವರ 2014ರ ಪ್ರಯೋಗ ನೋಡಿ: ಶಾಕ್ ಕೊಡುವ ಗುಂಡಿಯೊಂದರ ಜೊತೆ ಖಾಲಿ ಕೋಣೆಯಲ್ಲಿ 15 ನಿಮಿಷ ಬಿಟ್ಟಾಗ 18 ಗಂಡಸರಲ್ಲಿ 12 ಜನ, 24 ಹೆಂಗಸರಲ್ಲಿ 6 ಜನ ಬೇಸರ ತಾಳದೆ ತಮಗೆ ತಾವೇ ಕರೆಂಟ್ ಶಾಕ್ ಕೊಟ್ಟುಕೊಂಡರು.

ಮಾಡಬೇಕಾದ್ದು: ವಾಕ್ಯ ಹುಟ್ಟಿದ್ದು ಗೊತ್ತಾದ ಕೂಡಲೇ ಮನಸ್ಸಿನಲ್ಲೇ 'ಕಥೆ' ಎಂದು ಒಂದೇ ಪದ ಹೇಳಿ ಪಾದಕ್ಕೆ ಮರಳಿ. 'ಛೆ, ಮತ್ತೆ ಕಥೆ' ಎನ್ನಬೇಡಿ, ಆ 'ಛೆ' ಇನ್ನೊಂದು ಕಥೆಯ ಮೊದಲ ಸಾಲು. 8 ನಿಮಿಷದಲ್ಲಿ 30 ಸಲ ಮರಳಿದರೂ ಅಭ್ಯಾಸ ನಡೆದಿದೆ ಎಂದೇ ಲೆಕ್ಕ. ಪೆನ್ನು ಕೈಗೆಟುಕದಷ್ಟು ದೂರ ಇರಲಿ. ಟೈಮರ್ ಹೊಡೆದ ಮೇಲೆ ನೆನಪಿರುವ ವಾಕ್ಯದಿಂದ ಹೆಚ್ಚೆಂದರೆ 3 ಪದ ಗುರುತು ಹಾಕಿಕೊಳ್ಳಿ. ಪೂರ್ತಿ ವಾಕ್ಯ ಬೇಡ. ಕೂತಾಗ ಹುಟ್ಟುವ 'ಒಳ್ಳೆ ವಾಕ್ಯ' ಸಾಮಾನ್ಯವಾಗಿ ಯಾರಿಗೋ ಹೇಳಲು ಹದವಾಗಿ ತೀಡಿದ್ದು. ಕೇಳುವವರಿಲ್ಲದೆ ಉಳಿಯುವ ಮೂರು ಪದಗಳೇ ಹೆಚ್ಚು ಬಾಳುತ್ತವೆ.

ನಿಧಾನಿ ಹೇಳಿದ ಕೊನೆಯ 7 ನಿಮಿಷಕ್ಕೆ ಒಂದು ತಿದ್ದುಪಡಿ. ಬರೆದ ಮೇಲೆ ಕಣ್ಣು ಮುಚ್ಚಬೇಡಿ. ಈಗಷ್ಟೇ ಬರೆದ ದೃಶ್ಯ ರೆಪ್ಪೆಯ ಹಿಂದೆ ಮತ್ತೆ ಓಡುತ್ತದೆ. ಕಣ್ಣು ಅರೆತೆರೆದು ನೆಲದ ಮೇಲೆ ಎರಡು ಮೊಳ ಮುಂದಕ್ಕೆ ನೋಟ ಬಿಡಿ, ದೂರದ ಶಬ್ದ, ಹತ್ತಿರದ ಶಬ್ದ ಎಂದು ಕೇಳುತ್ತ ಇರಿ. ಉಸಿರನ್ನು ಗಮನಿಸಿದರೆ ಎದೆ ಬಿಗಿಯುವವರಿಗೆ ಮೊದಲ 8 ನಿಮಿಷಕ್ಕೂ ಶಬ್ದವೇ ವಾಸಿ.

ಯಾವಾಗ ಬಿಡಬೇಕು ಎಂದು ಯಾರೂ ಹೇಳಿಲ್ಲ, ಅದನ್ನೂ ಬರೆಯುತ್ತೇನೆ. ಘಟನೆ ತೀರಾ ಹಸಿಯಾಗಿದ್ದರೆ, ಅಂದರೆ ನಡೆದು ಕೆಲವೇ ದಿನ ಆಗಿದ್ದರೆ, ಬರೆಯಬೇಡಿ. ಆಘಾತವಾದ ಕೂಡಲೇ ಒಂದೇ ಸಲಕ್ಕೆ ಎಲ್ಲವನ್ನೂ ಹೇಳಿಸಿಬಿಡುವ ಪದ್ಧತಿ ಮುಂದಿನ ತೊಂದರೆಯನ್ನು ತಡೆಯುವುದಿಲ್ಲ ಎಂದು ಅಧ್ಯಯನಗಳ ಪರಾಮರ್ಶೆಗಳೇ ಹೇಳಿವೆ. ಪೆನ್ನೆಬೇಕರ್ ಸ್ವತಃ ಕೊಡುವ ಸೂಚನೆ ನೇರವಾಗಿದೆ: ಈ ವಿಷಯ ಬರೆದರೆ ಕೈಮೀರುತ್ತದೆ ಅನ್ನಿಸಿದರೆ ಅದನ್ನು ಬರೆಯಬೇಡಿ, ಬೇರೆ ಬರೆಯಿರಿ. ಮೌನವೂ ಎಲ್ಲರಿಗೂ ತಂಪಲ್ಲ. ಹೆಚ್ಚು ಹೊತ್ತು ಧ್ಯಾನ ಮಾಡುವವರಲ್ಲಿ ಭಯ, ನಿದ್ದೆಗೇಡು, ತಾನು ತನ್ನಿಂದಲೇ ಕಳಚಿಕೊಂಡಂಥ ಅನುಭವ ದಾಖಲಾಗಿವೆ. ಸತತ ಮೂರು ರಾತ್ರಿ ನಿದ್ದೆ ಕೆಟ್ಟರೆ, ದೃಶ್ಯ ಕರೆಯದೆಯೇ ನುಗ್ಗತೊಡಗಿದರೆ, ಸುತ್ತಲಿನದು ಗಾಜಿನಾಚೆ ಇದ್ದಂತೆ ಕಂಡರೆ ಎರಡನ್ನೂ ನಿಲ್ಲಿಸಿ, ಮನೋವೈದ್ಯರನ್ನು ಅಥವಾ ಆಪ್ತಸಲಹೆಗಾರರನ್ನು ಕಾಣಿ. ಸಾಯುವ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ, ಆಗಲೇ ಹತ್ತಿರದವರಿಗೆ ಹೇಳಿ.

ಕಿವಿಗೊಟ್ಟವ ಬರೆದದ್ದು

ಎಲ್ಲರೂ ಒಂದೇ ದೃಶ್ಯದಲ್ಲಿ ನಿಂತಿದ್ದೀರಿ. ಅರ್ಥ ಎನ್ನುವುದು ದೃಶ್ಯ ದೃಶ್ಯಗಳ ನಡುವೆ ಹುಟ್ಟುತ್ತದೆ, ಆದ್ದರಿಂದ ಮುಂದಿನ ಹೆಜ್ಜೆ ಹೇಳಿಬಿಡುತ್ತೇನೆ.

ಮನೋವಿಜ್ಞಾನಿ ಡ್ಯಾನ್ ಮೆಕ್‌ಆಡಮ್ಸ್ ರೂಪಿಸಿದ ಬದುಕಿನ ಕಥೆಯ ಸಂದರ್ಶನದ ಚೌಕಟ್ಟು ಇಲ್ಲಿ ಕೈಗೆ ಬರುತ್ತದೆ. ಮೊದಲು ಬದುಕನ್ನು ಪುಸ್ತಕ ಅಂದುಕೊಂಡು 2ರಿಂದ 7 ಅಧ್ಯಾಯ ಮಾಡಿ, ಪ್ರತಿಯೊಂದಕ್ಕೂ ಹೆಸರು ಮತ್ತು ಎರಡೇ ಸಾಲು. ನಂತರ 8 ದೃಶ್ಯ: ಅತಿ ಎತ್ತರದ ಗಳಿಗೆ, ಅತಿ ತಗ್ಗಿನದು, ತಿರುವು, ಬಾಲ್ಯದ ಒಂದು ಸಿಹಿ, ಬಾಲ್ಯದ ಒಂದು ಕಹಿ, ದೊಡ್ಡವರಾದ ಮೇಲಿನ ಎದ್ದು ಕಾಣುವ ನೆನಪು, ವಿವೇಕ ತೋರಿದ ಸಂದರ್ಭ, ಅಲೌಕಿಕ ಅನ್ನಿಸಿದ ಅನುಭವ. ದೃಶ್ಯಕ್ಕೆ 4 ದಿನ, ನಡುವೆ 10 ದಿನ ಬಿಡುವು ಎಂದರೆ ಎಂಟಕ್ಕೆ ಸುಮಾರು ಮೂರೂವರೆ ತಿಂಗಳು. ತಗ್ಗಿನಿಂದ ಶುರು ಮಾಡಬೇಡಿ. ಬಾಲ್ಯದ ಸಿಹಿಯಿಂದ ಶುರು ಮಾಡಿದರೆ ದೃಶ್ಯ ಬರೆಯುವ ಕೈ ಮೊದಲು ಪಳಗುತ್ತದೆ.

ಎಂಟೂ ಆದ ಮೇಲೆ ಪ್ರತಿ ದೃಶ್ಯದ ಕೊನೆಯ ಸಾಲನ್ನಷ್ಟೇ ಒಂದು ಹಾಳೆಗೆ ಇಳಿಸಿ. ಮೆಕ್‌ಆಡಮ್ಸ್ ಎರಡು ಬಗೆ ಗುರುತಿಸುತ್ತಾರೆ: ಕೆಟ್ಟದ್ದು ಒಳ್ಳೆಯದಕ್ಕೆ ಹೊರಳುವ ಕಥೆ, ಒಳ್ಳೆಯದು ಕೆಟ್ಟು ಹೋಗುವ ಕಥೆ. ಎಂಟರಲ್ಲಿ ಆರು ಎರಡನೆಯ ಬಗೆಯವಾದರೆ ಬದುಕು ಹಾಗಿದೆ ಎಂದು ಆಗಲಿಲ್ಲ. ಕಥೆಯನ್ನು ಎಲ್ಲಿ ಕತ್ತರಿಸುತ್ತೀರಿ ಎಂಬ ಅಭ್ಯಾಸ ಹಾಗಿದೆ ಅಷ್ಟೇ. ಮದುವೆಯ ದಿನಕ್ಕೆ ನಿಲ್ಲಿಸಿದರೆ ಒಂದು ಕಥೆ, ವಿಚ್ಛೇದನಕ್ಕೆ ನಿಲ್ಲಿಸಿದರೆ ಇನ್ನೊಂದು, ಅದಾಗಿ ಐದು ವರ್ಷದ ಒಂದು ಸಾಮಾನ್ಯ ಮಂಗಳವಾರಕ್ಕೆ ನಿಲ್ಲಿಸಿದರೆ ಮತ್ತೊಂದು. ಒಂದು ದೃಶ್ಯ ಆರಿಸಿಕೊಂಡು, ಕತ್ತರಿಸುವ ಜಾಗವನ್ನು ಹಿಂದಕ್ಕೋ ಮುಂದಕ್ಕೋ ಸರಿಸಿ ಬರೆದು ನೋಡಿ. ಹಾಗಂತ ಪ್ರತಿಯೊಂದಕ್ಕೂ ಸಿಹಿ ಲೇಪ ಹಚ್ಚಬೇಡಿ. 'ಆದದ್ದೆಲ್ಲ ಒಳಿತೇ ಆಯಿತು' ಎಂದು ಬರೆದ ಮೇಲೂ ಹಲ್ಲು ಕಚ್ಚಿಕೊಂಡೇ ಇದ್ದರೆ ಆ ಸಾಲು ಹೊಡೆದುಹಾಕಿ. ನಷ್ಟ ಮಾತ್ರವೇ ಆದ ಘಟನೆಗಳೂ ಇರುತ್ತವೆ.

ನೆನಪನ್ನು ಸಾಕ್ಷಿ ಎಂದುಕೊಳ್ಳಬೇಡಿ. ಎಲಿಜಬೆತ್ ಲಾಫ್ಟಸ್ 1974ರಲ್ಲೇ ತೋರಿಸಿದ್ದು: ಕಾರು ಅಪಘಾತದ ಒಂದೇ ಚಲನಚಿತ್ರದ ತುಣುಕು ನೋಡಿದವರಿಗೆ 'ತಾಗಿದಾಗ' ಎಂದು ಕೇಳಿದರೆ ಒಂದು ವೇಗ, 'ಅಪ್ಪಳಿಸಿದಾಗ' ಎಂದು ಕೇಳಿದರೆ ಇನ್ನೂ ಹೆಚ್ಚಿನ ವೇಗ ನೆನಪಾಯಿತು. ನೀವು ಹಾಕುವ ಕ್ರಿಯಾಪದವೂ ಅಷ್ಟೇ ಕೆಲಸ ಮಾಡುತ್ತದೆ. ಖಚಿತವಿಲ್ಲದ ಕಡೆ ಅಂಚಿನಲ್ಲಿ ಪ್ರಶ್ನಾರ್ಥಕ ಹಾಕಿ, ಅದರ ಆಧಾರದ ಮೇಲೆ ಮನೆಯವರ ಜೊತೆ ವ್ಯಾಜ್ಯಕ್ಕೆ ಹೋಗಬೇಡಿ.

ಯಾರಿಗಾದರೂ ಹೇಳುವುದಾದರೆ, ಬರೆದದ್ದನ್ನು ಓದಬೇಡಿ, ಹಾಳೆ ಮುಚ್ಚಿ ಬಾಯಲ್ಲಿ ಹೇಳಿ, 10 ನಿಮಿಷ. ಕೇಳುವವರ ಫೋನು ಇನ್ನೊಂದು ಕೋಣೆಯಲ್ಲಿರಲಿ. ಇದು ಶಿಷ್ಟಾಚಾರದ ಮಾತಲ್ಲ. ಮೊನಿಷಾ ಪಸುಪತಿ ಮತ್ತು ಸಂಗಡಿಗರು 1998ರಲ್ಲಿ ಕಂಡದ್ದು, ಗಮನವಿಟ್ಟು ಕೇಳುವವರಿಗೆ ಹೇಳಿದ್ದನ್ನು ಹೇಳಿದವರೇ ಮುಂದೆ ಹೆಚ್ಚು ನೆನಪಿಟ್ಟುಕೊಂಡರು. ಗಮನ ಎಲ್ಲೋ ಇದ್ದವರಿಗೆ ಹೇಳಿದ್ದು ಅಷ್ಟು ಉಳಿಯಲಿಲ್ಲ. ಕೇಳುವವರಿಗೆ ಮೂರೇ ಪ್ರಶ್ನೆಗಳ ಪರವಾನಗಿ: 'ಆಮೇಲೆ?', 'ಅಲ್ಲಿ ಇನ್ನೇನಿತ್ತು?', 'ಅವರು ಏನಂದರು?' 'ಯಾಕೆ' ಬೇಡ, ಸಲಹೆ ಬೇಡ, 'ನಮ್ಮಲ್ಲೂ ಹೀಗೇ ಆಗಿತ್ತು' ಬೇಡವೇ ಬೇಡ. ಮುಗಿದ ಮೇಲೆ ಇಬ್ಬರೂ 2 ನಿಮಿಷ ಮಾತಿಲ್ಲದೆ ಕೂರಿ. ಮೊದಲ ಸಲ ಮುಜುಗರವಾಗುತ್ತದೆ, ಒಬ್ಬರಿಗೆ ನಗು ಬರುತ್ತದೆ. ಬರಲಿ.

ಖಾಲಿಹಾಳೆ

ಕೊನೆಯದೊಂದು. ಬರೆದ ಹಾಳೆಗಳನ್ನು ಇಟ್ಟುಕೊಳ್ಳಬೇಕೆ, ಹರಿದುಹಾಕಬೇಕೆ? ನೋಟ್‌ಬುಕ್ಕೋ ಬಿಡಿ ಹಾಳೆಯೋ?

ನಿಧಾನಿ

ಬಿಡಿ ಹಾಳೆ. ನೋಟ್‌ಬುಕ್ಕಾದರೆ ಕೈ ತಾನಾಗಿಯೇ ಹಿಂದಿನ ಪುಟ ತಿರುವುತ್ತದೆ. ಹಾಳೆಯ ಒಂದೇ ಬದಿ ಬರೆಯಿರಿ, ಮೇಲೆ ದಿನಾಂಕ ಮಾತ್ರ. ಅರ್ಧವಿರಾಮ ಹೇಳಿದ ಹಾಗೆ 3ನೇ ದಿನ ಬರೆದಾದ ಮೇಲೆ ಹೋಲಿಸಿ ನೋಡಿ, ನಾಲ್ಕೂ ದಿನ ಆದ ಮೇಲೆ ಲಕೋಟೆಗೆ ಹಾಕಿ. ಎಂಟು ದೃಶ್ಯ ಮುಗಿಯುವವರೆಗೆ ತೆರೆಯಬೇಡಿ. ಬೇರೆಯವರ ಕೈಗೆ ಸಿಕ್ಕೀತು ಎಂಬ ಹೆದರಿಕೆಯಿಂದ ಕೈ ತಡೆಯುತ್ತಿದ್ದರೆ ಹೋಲಿಕೆ ಆದ ಕೂಡಲೇ ಹರಿದುಹಾಕಿ. ಆದರೆ ಪ್ರತಿ ದೃಶ್ಯದ ಕೊನೆಯ ಸಾಲನ್ನು ಬೇರೆ ಚೀಟಿಯಲ್ಲಿ ಉಳಿಸಿಕೊಳ್ಳಿ, ಕಿವಿಗೊಟ್ಟವ ಹೇಳಿದ ಕೆಲಸಕ್ಕೆ ಅದು ಬೇಕು. ಪೆನ್ಸಿಲ್ ಬೇಡ, ಪೆನ್ನು ತೆಗೆದುಕೊಳ್ಳಿ. ರಬ್ಬರ್ ಪಕ್ಕದಲ್ಲಿದ್ದರೆ 20 ನಿಮಿಷದಲ್ಲಿ 10 ನಿಮಿಷ ಅದಕ್ಕೇ ಹೋಗುತ್ತದೆ.